ಸಹಾಯ ಬೇಕು: ಪಾಳಿಯಲ್ಲಿ ಮನೆಯಲ್ಲಿದ್ದ ದಿನಗಳಿಗೂ ಸಂಬಳ ಕಡಿತ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಕೆಲಸದಲ್ಲಿದ್ದೇನೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಸಡಿಲವಾದ ಮೇಲೆ, ಪಾಳಿಯಂತೆ ಅರ್ಧ ಸಿಬ್ಬಂದಿ ಕಚೇರಿಗೆ, ಉಳಿದವರು ಮನೆಯಿಂದ ಕೆಲಸ ಎಂದು ಸುತ್ತೋಲೆ ಬಂತು. ಕಾಯಂ ನೌಕರರಿಗೆ ಪೂರ್ತಿ ಸಂಬಳ ಬಂತು. ನಮಗೆ ಮಾತ್ರ, ಹಾಜರಾತಿ ಪುಸ್ತಕದಲ್ಲಿ ಸಹಿ ಇಲ್ಲದ ದಿನಗಳನ್ನೆಲ್ಲ ಗೈರುಹಾಜರಿ ಎಂದು ಲೆಕ್ಕ ಹಾಕಿ, ನಮ್ಮನ್ನು ಗುತ್ತಿಗೆಗೆ ಒದಗಿಸಿದ ಏಜೆನ್ಸಿಯವರು ಸಂಬಳ ಹಿಡಿದುಕೊಂಡಿದ್ದಾರೆ. ಅಂಕ ದಾಖಲಿಸುವ ತಂತ್ರಾಂಶ ಕ್ಯಾಂಪಸ್ಸಿನ ಕಂಪ್ಯೂಟರಿನಲ್ಲಷ್ಟೇ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಕುಳಿತು ನಾವು ಏನು ಮಾಡಲು ಸಾಧ್ಯ?

ಅಧೀಕ್ಷಕರನ್ನು ಕೇಳಿದರೆ ಏಜೆನ್ಸಿಯತ್ತ ಕೈ ತೋರಿಸುತ್ತಾರೆ, ಏಜೆನ್ಸಿಯವರು ವಿಶ್ವವಿದ್ಯಾಲಯದಿಂದ ಪತ್ರ ತನ್ನಿ ಎನ್ನುತ್ತಾರೆ. ಕುಲಸಚಿವರಿಗೆ ಕೊಟ್ಟ ಮನವಿಗೆ ಉತ್ತರವಿಲ್ಲ. ಗುತ್ತಿಗೆ ನೌಕರರ ವೇತನ ಕಡಿತ ಮಾಡಬೇಡಿ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ 2020ರ ಮಾರ್ಚ್ 20ರಂದು ಹೇಳಿದ್ದು ಸಲಹೆ ಮಾತ್ರವಂತೆ. ಆದರೆ ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ (ಇಲ್ಲಿ ಏಜೆನ್ಸಿ) ವೇತನ ಕೊಡದಿದ್ದರೆ ಮೂಲ ಉದ್ಯೋಗದಾತರೇ (ಇಲ್ಲಿ ವಿಶ್ವವಿದ್ಯಾಲಯ) ಕೊಡಬೇಕಿತ್ತಲ್ಲವೇ? ಬಾಡಿಗೆ, ಮಗಳ ಶಾಲಾ ಶುಲ್ಕ ಎರಡೂ ಬಾಕಿ ಉಳಿದಿವೆ.

ಕಚೇರಿಯೇ ಹಾಕಿಕೊಟ್ಟ ಪಾಳಿಯ ದಿನಗಳ ವೇತನವನ್ನು ಈ ಕಾಯ್ದೆಯಡಿ ವಿಶ್ವವಿದ್ಯಾಲಯದಿಂದಲೇ ಕೇಳಬಹುದೇ? ಕಾರ್ಮಿಕ ಇಲಾಖೆಗೆ ದೂರು ಕೊಡುವಾಗ ಸುತ್ತೋಲೆ ಮತ್ತು ಪಾಳಿಪಟ್ಟಿಯ ಪ್ರತಿ ಸಾಕೇ? ಇದೇ ರೀತಿ ಬಾಕಿ ವೇತನ ಪಡೆದವರು ದಯವಿಟ್ಟು ತಿಳಿಸಿ.