ಪ್ರಶ್ನೋತ್ತರ: ಬ್ಯಾಕ್‌ಟ್ರೇಸ್ ತಪ್ಪು ಸಾಲು ತೋರಿಸುವುದೇಕೆ?

ವಿದ್ಯಾರ್ಥಿನಿ: ಸರ್, ಸಿ ಭಾಷೆಯಲ್ಲಿ ಪುಟ್ಟ ಬೈಟ್‌ಕೋಡ್ ಇಂಟರ್‌ಪ್ರಿಟರ್ ಬರೆಯುತ್ತಿದ್ದೇನೆ, ಅಂದರೆ ಪ್ರೋಗ್ರಾಂ ಅನ್ನು ಪುಟ್ಟ ಸೂಚನೆಗಳಾಗಿಸಿ ಒಂದೊಂದಾಗಿ ನಡೆಸುವ ತಂತ್ರಾಂಶ. ಪರೀಕ್ಷೆಯ ಪ್ರೋಗ್ರಾಂ ಇದು:

ಲೆಕ್ಕ(
ತೆರಿಗೆ(),
ಬಡ್ಡಿ())

ದೋಷ ಆಗುವುದು ತೆರಿಗೆಯೊಳಗೆ. ಬ್ಯಾಕ್‌ಟ್ರೇಸ್‌ನಲ್ಲಿ (ಯಾವ ಸಾಲಿನ ಕರೆಗಳಿಂದ ದೋಷದ ತನಕ ಬಂದೆವು ಎಂಬ ಪಟ್ಟಿ) ಅದನ್ನು ಕರೆದ ಸಾಲು ಮಾತ್ರ 2ರ ಬದಲು 3 ಎಂದು ಬರುತ್ತದೆ.

ಕಂಪೈಲರ್ ಎಂಜಿನಿಯರ್: ಇದನ್ನು ಹಾಗೆಯೇ ಬಿಡಬೇಡಿ. ಸುಳ್ಳು ಸಾಲು ಹೇಳುವ ಬ್ಯಾಕ್‌ಟ್ರೇಸ್‌ಗಿಂತ ಬ್ಯಾಕ್‌ಟ್ರೇಸ್ ಇಲ್ಲದಿರುವುದೇ ಮೇಲು. ಕರೆ ನಡೆಯುವಾಗ ಫ್ರೇಮ್‌ನಲ್ಲಿರುವ (ಪ್ರತಿ ಕರೆಯ ಸ್ಥಿತಿ ಇಡುವ ಜಾಗ) ಪಾಯಿಂಟರ್, ಅಂದರೆ ಮುಂದೆ ನಡೆಸಬೇಕಾದ ಸೂಚನೆಯ ವಿಳಾಸ, ಕರೆಯ ಸೂಚನೆಯನ್ನು ಆಗಲೇ ದಾಟಿರುತ್ತದೆ. ಮರಳಿ ಬಂದಾಗ ಅಲ್ಲಿಂದಲೇ ಮುಂದುವರಿಯಬೇಕಲ್ಲವೇ? ನಿಮ್ಮಲ್ಲಿ ಆ ಮುಂದಿನ ಸೂಚನೆ ಬಡ್ಡಿಯದು, ಅದರ ಸಾಲು 3. ಆಫ್‌ಸೆಟ್‌ನಲ್ಲಿ (ಕೋಡ್‌ನ ಆರಂಭದಿಂದ ಪಾಯಿಂಟರ್ ಎಷ್ಟು ಬೈಟ್ ದೂರ) ಒಂದು ಕಳೆದು, ಯಾವ ಸೂಚನೆ ಯಾವ ಸಾಲಿನದು ಎಂಬ ಕೋಷ್ಟಕದಲ್ಲಿ ಹುಡುಕಿ. ಸೂಚನೆ ಮೂರು ಬೈಟ್ ಉದ್ದವಿದ್ದರೂ ಒಂದು ಬೈಟ್ ಹಿಂದಕ್ಕೆ ಹೋದರೆ ಅದರೊಳಗೇ ಬೀಳುತ್ತೀರಿ. ಲುವಾ ಭಾಷೆ ಕೂಡ ಹೀಗೆ ಒಂದನ್ನು ಕಳೆದೇ ಸಾಲು ಹುಡುಕುತ್ತದೆ. ನನಗೆ ಹೆಚ್ಚು ಆತಂಕ ಇನ್ನೊಂದರದು: ವೇಗಕ್ಕೆಂದು ಪಾಯಿಂಟರನ್ನು ಸ್ಥಳೀಯ ಚರದಲ್ಲಿ ಇಟ್ಟುಕೊಂಡಿದ್ದೀರಾ? ಹಾಗಿದ್ದರೆ ದೋಷ ಹುಟ್ಟಬಹುದಾದ ಪ್ರತಿ ಕೆಲಸಕ್ಕೂ ಮುನ್ನ ಅದನ್ನು ಫ್ರೇಮ್‌ಗೆ ಬರೆದಿಡಬೇಕು.

ಸದಸ್ಯ 1: ಪೈಥಾನ್ 3.11ರಲ್ಲಿ ಕಾಲಂ ಮಾಹಿತಿ (ಸಾಲಿನೊಳಗೆ ದೋಷ ಎಲ್ಲಿ ಎಂಬುದು) ತೆಗೆದರೆ ಪ್ರೋಗ್ರಾಂ ಎರಡು ಪಟ್ಟು ವೇಗವಾಗುತ್ತದೆ ಎಂಬ ಫಾರ್ವರ್ಡ್ ಬಂದಿದೆ. ಮಾಡಬಹುದೇ?

ಎಂಜಿನಿಯರ್: ಬೇಡ. ಆ ಕೋಷ್ಟಕವನ್ನು ದೋಷ ಬಂದಾಗಲೋ ಡೀಬಗರ್ ಕೇಳಿದಾಗಲೋ ಓದಲಾಗುತ್ತದೆ. ತೆಗೆದರೆ ಉಳಿತಾಯವಾಗುವುದು ಜಾಗ ಮಾತ್ರ. ಈ ಮಾಹಿತಿಯನ್ನು ತಂದ ಪ್ರಸ್ತಾವ ಪಿಇಪಿ 657ರ ಅಳತೆಯಂತೆ ಅದರಿಂದ ಪೈಸಿ ಫೈಲ್‌ಗಳು (ಪೈಥಾನ್ ಉಳಿಸಿಡುವ ಬೈಟ್‌ಕೋಡ್) ಸುಮಾರು ಶೇ 22ರಷ್ಟು ಬೆಳೆದವು.

ಸದಸ್ಯ 2: ಶೇ 22 ದುಬಾರಿ. ಸಾಲಿನ ಸಂಖ್ಯೆ ಸಾಕು.

ಸದಸ್ಯ 3: ಒಂದೇ ಸಾಲಿನಲ್ಲಿ ನಾಲ್ಕು ಭಾಗಾಕಾರಗಳಿದ್ದರೆ ಸೊನ್ನೆ ಬಂದದ್ದು ಯಾವುದರಲ್ಲಿ?

ಸದಸ್ಯ 2: ಅಂಥ ಸಾಲು ಬರೆಯುವವರದೇ ತಪ್ಪು.

ಸದಸ್ಯ 3: ಬೇರೆಯವರ ಕೋಡ್ ರಿಪೇರಿ ಮಾಡಿದ್ದರೆ ಈ ಮಾತು ಆಡುತ್ತಿರಲಿಲ್ಲ.

ಸದಸ್ಯ 2: ನನ್ನ ಅನುಭವ ನಿಮ್ಮಿಂದ ಅಳೆಸಿಕೊಳ್ಳಬೇಕಿಲ್ಲ.

ಸದಸ್ಯ 4: ಸಾಲಿನಲ್ಲಿ ಕನ್ನಡ ಸ್ಟ್ರಿಂಗ್ ಇದ್ದರೆ ದೋಷದ ಜಾಗ ತೋರಿಸಲು ಪೈಥಾನ್ ಕೆಳಗೆ ಹಾಕುವ ಗುರುತು ಪಕ್ಕಕ್ಕೆ ಸರಿಯುತ್ತದೆ, ಏಕೆ?

ಎಂಜಿನಿಯರ್: ಒಳ್ಳೆಯ ಪ್ರಶ್ನೆ. ಕಾಲಂಗಳು ಯುಟಿಎಫ್-8 ಬೈಟ್ ಲೆಕ್ಕದಲ್ಲಿರುತ್ತವೆ. ‘ಕನ್ನಡ’ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ನಲ್ಲಿ 5 ಸಂಕೇತ, 15 ಬೈಟ್. ತೋರಿಸುವ ಮುನ್ನ ಪೈಥಾನ್ ಬೈಟ್‌ಗಳನ್ನು ಸಂಕೇತಗಳಾಗಿ ಬದಲಿಸುತ್ತದೆ. ಆದರೆ ಪರದೆಯ ಮೇಲೆ ಒತ್ತಕ್ಷರ ಕೂಡಿಕೊಂಡು ಕಡಿಮೆ ಜಾಗ ಹಿಡಿದರೆ ಗುರುತು ಬಲಕ್ಕೆ ಹೋಗುತ್ತದೆ.

ಸದಸ್ಯ 5: ಜಿಟ್ (ಓಡುವಾಗಲೇ ಯಂತ್ರಸಂಕೇತ ತಯಾರಿಸುವ ಕಂಪೈಲರ್) ಇದ್ದರೆ ಆಫ್‌ಸೆಟ್ ಎಲ್ಲಿ ಇಡಬೇಕು?

ಸದಸ್ಯ 6: ನನ್ನ ಇಂಟರ್‌ಪ್ರಿಟರ್ ಸಹ ಕರೆದ ಸಾಲನ್ನು ತಪ್ಪಾಗಿ ತೋರಿಸುತ್ತದೆ.

ಎಂಜಿನಿಯರ್: ಮೊದಲ ಉತ್ತರ ಓದಿ.

ಸದಸ್ಯ 1: ಅದೇ ಫಾರ್ವರ್ಡ್‌ನಲ್ಲಿ ಪೈಥಾನ್ ಓಡಿಸುವಾಗ ‘ಮೈನಸ್ ಓ’ (-O) ಆಯ್ಕೆ ಹಾಕಿದರೂ ಸಾಲು ಸರಿಹೋಗುತ್ತದೆ ಎಂದಿದೆ.

ಎಂಜಿನಿಯರ್: ಅದು ಅಸರ್ಟ್‌ಗಳನ್ನು ಕಿತ್ತುಹಾಕುತ್ತದೆ. ನಿಮ್ಮ ತಪಾಸಣೆಗಳೇ ಮಾಯವಾಗುತ್ತವೆ. ಇನ್ನು ಫಾರ್ವರ್ಡ್ ಹಾಕಬೇಡಿ.

ವಿದ್ಯಾರ್ಥಿನಿ: ಒಂದು ಕಳೆದೆ, ಸಾಲು 2 ಬಂತು! ಆದರೆ ಸಿ ಭಾಷೆಯಲ್ಲಿ ಬರೆದ ಫಂಕ್ಷನ್‌ನಲ್ಲಿ ದೋಷವಾದರೆ ಹಳೆಯ ಸಾಲೇ ಬರುತ್ತದೆ. ಪಾಯಿಂಟರ್ ಸ್ಥಳೀಯ ಚರದಲ್ಲಿದೆ.

ಎಂಜಿನಿಯರ್: ಅದನ್ನೇ ಕೇಳಿದ್ದು. ಆ ಕರೆಗೆ ಮುನ್ನ ಬರೆದಿಟ್ಟಿಲ್ಲ. ಆ ಭಾಗದ ಕೋಡ್ ಇಲ್ಲಿ ಹಾಕಿ, ಮಿಕ್ಕವರು ಸ್ವಲ್ಪ ಸುಮ್ಮನಿರಿ.