1969ರಲ್ಲಿ ಪಕ್ಷದ ನಿಲುವು ಬಿಟ್ಟವರು ಯಾರು?

ಪ್ರಶ್ನೆ: ನಮಸ್ಕಾರ ಸರ್. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. 1969ರಲ್ಲಿ ಇಂದಿರಾ ಗಾಂಧಿ ತಮ್ಮ ಪಕ್ಷದ ನಿಲುವಿಗೇ ವಿರುದ್ಧ ಹೋದರು ಅಂತ ಒಂದು ಗೈಡ್‌ನಲ್ಲಿದೆ. ಪಕ್ಷದ ಕಾರ್ಯಕ್ರಮವನ್ನೇ ಜಾರಿಗೆ ತಂದರು ಅಂತ ಇನ್ನೊಂದರಲ್ಲಿದೆ. ಯಾವುದು ಸರಿ? ನೀವು ರಾಜ್ಯಶಾಸ್ತ್ರ ಪಾಠ ಮಾಡಿದವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಇಲ್ಲಿ ಎರಡು ಜಗಳ ಇವೆ. ಒಂದು ಬ್ಯಾಂಕಿನದು, ಇನ್ನೊಂದು ರಾಷ್ಟ್ರಪತಿ ಚುನಾವಣೆಯದು. ಗೈಡ್‌ನವರು ಎರಡನ್ನೂ ಒಂದೇ ಗಂಟು ಕಟ್ಟುತ್ತಾರೆ, ಅದಕ್ಕೇ ಗೊಂದಲ.

ಮೊದಲು ಬ್ಯಾಂಕು. 1967ರ ಚುನಾವಣೆಯಲ್ಲಿ ಪೆಟ್ಟು ತಿಂದ ಮೇಲೆ ಕಾಂಗ್ರೆಸ್ ಹತ್ತು ಅಂಶಗಳ ಕಾರ್ಯಕ್ರಮ ಒಪ್ಪಿತು. ಅದರಲ್ಲಿದ್ದದ್ದು ಬ್ಯಾಂಕುಗಳ ಮೇಲೆ ‘ಸಾಮಾಜಿಕ ನಿಯಂತ್ರಣ’, ಅಂದರೆ ಒಡೆತನ ಖಾಸಗಿಯವರದ್ದೇ, ಸಾಲ ಕೊಡುವುದರ ಮೇಲೆ ಸರ್ಕಾರದ ಹಿಡಿತ. ರಾಷ್ಟ್ರೀಕರಣ ಅಲ್ಲ. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಅದಕ್ಕೆ ಕಾನೂನನ್ನೂ ತಂದರು. ಅದಕ್ಕೆ ಸ್ವಲ್ಪ ಸಮಯ ಕೊಡಿ ಅನ್ನುವುದು ಅವರ ವಾದ.

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ. ಇಂದಿರಾ ಅಲ್ಲಿಗೆ ಒಂದು ಟಿಪ್ಪಣಿ ಕಳಿಸಿದರು. ಸುಮ್ನೆ ಹೊಳೆದ ವಿಚಾರಗಳು ಎಂಬ ಧಾಟಿಯಲ್ಲಿ. ಅದನ್ನು ಹತ್ತಿರದಿಂದ ಓದಿ: ದೊಡ್ಡ ಐದಾರು ಬ್ಯಾಂಕುಗಳ ರಾಷ್ಟ್ರೀಕರಣ ಯೋಚಿಸಬಹುದು, ‘ಅಥವಾ’ ಬ್ಯಾಂಕಿನ ಹಣ ಸಾರ್ವಜನಿಕ ಕೆಲಸಕ್ಕೆ ಜಾಸ್ತಿ ಹೋಗುವಂತೆ ನಿರ್ದೇಶನ ಕೊಡಬಹುದು. ಅಧಿವೇಶನ ಒಪ್ಪಿದ್ದು ಈ ‘ಅಥವಾ’ ಇದ್ದ ಕಾಗದವನ್ನು. 16ರಂದು ಮೊರಾರ್ಜಿಯವರ ಹಣಕಾಸು ಖಾತೆ ಹೋಯಿತು. 19ರಂದು 14 ಬ್ಯಾಂಕುಗಳು ಸುಗ್ರೀವಾಜ್ಞೆಯಲ್ಲಿ ಸರ್ಕಾರದ ಪಾಲಾದವು. ನಮ್ಮ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. (ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ಪಕ್ಷದ ಅಧ್ಯಕ್ಷ ನಿಜಲಿಂಗಪ್ಪ ಇದ್ದ ಕಾಂಗ್ರೆಸ್ ಹಿರಿಯರ ಗುಂಪಿಗೂ ‘ಸಿಂಡಿಕೇಟ್’ ಅಂತಲೇ ಹೆಸರು. ಉತ್ತರಪತ್ರಿಕೆಯಲ್ಲಿ ಎರಡನ್ನೂ ಬೆರೆಸಿ ಬರೆದವರನ್ನು ನೋಡಿದ್ದೇನೆ.)

ನನ್ನ ಲೆಕ್ಕದಲ್ಲಿ, ಅಕ್ಷರಕ್ಕೆ ಅಂಟಿಕೊಂಡು ನೋಡಿದರೆ ಪಕ್ಷದ ಕಾರ್ಯಕ್ರಮಕ್ಕೆ ಹತ್ತಿರ ಇದ್ದವರು ಮೊರಾರ್ಜಿ. ಇಂದಿರಾ ಅದನ್ನು ಎಳೆದು ಮುಂದಕ್ಕೆ ಒಯ್ದರು, ಆದರೆ ದಾರಿ ಬಿಡಲಿಲ್ಲ.

ರಾಷ್ಟ್ರಪತಿ ಚುನಾವಣೆ ಹಾಗಲ್ಲ. ಅಲ್ಲಿ ಪಕ್ಷದ ತೀರ್ಮಾನ ನೀಲಂ ಸಂಜೀವ ರೆಡ್ಡಿ. ಅದೂ ಬೆಂಗಳೂರಿನಲ್ಲೇ ಆದದ್ದು. ಇಂದಿರಾಗೆ ಬೇಕಾಗಿದ್ದವರು ಜಗಜೀವನ ರಾಂ. ಪಕ್ಷದೊಳಗೆ ಇಂದಿರಾ ಸೋತರು, ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸೂಚಕರಾಗಿ ಸಹಿ ಹಾಕಿದರು. ಆಮೇಲೆ ನಿಜಲಿಂಗಪ್ಪ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಹೊರಡಿಸಿ ಎಂದಾಗ ಒಪ್ಪಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿಗೆ ಹಾಕಿ ಅಂತ ಅದರ ಅರ್ಥ, ಎಲ್ಲರಿಗೂ ಗೊತ್ತಿತ್ತು. ಇದು ಮಾತ್ರ ಸ್ಪಷ್ಟವಾಗಿ ಪಕ್ಷಕ್ಕೆ ವಿರುದ್ಧ.

ಆದರೆ ಎದುರಿನವರ ಕೈಯೂ ಪೂರ್ತಿ ತೊಳೆದದ್ದಲ್ಲ. ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ (ಮತಪತ್ರದಲ್ಲಿ ಮತದಾರ ಎರಡನೇ ಆಯ್ಕೆಯಾಗಿ ಗುರುತಿಸುವ ಹೆಸರು) ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದವರ ಜತೆ ಮಾತಾಡಿದರು. ಪಕ್ಷದ ಹಾದಿ ಬಿಟ್ಟವರು ನೀವೇ ಅನ್ನಲು ಇಂದಿರಾಗೆ ಅಷ್ಟು ಸಾಕಾಯಿತು. ಆಗಸ್ಟ್ 20ರ ಎಣಿಕೆಯಲ್ಲಿ ಎರಡನೇ ಪ್ರಾಶಸ್ತ್ಯ ಸೇರಿಸಿ ಗಿರಿ 4,20,077, ರೆಡ್ಡಿ 4,05,427. ನವೆಂಬರ್ 12ರಂದು ಇಂದಿರಾ ಉಚ್ಚಾಟನೆ ಆಯಿತು. ಪಕ್ಷ ಎರಡಾಯಿತು.

ಮರುಪ್ರಶ್ನೆ: ಪ್ರಧಾನಿಯನ್ನೇ ಪಕ್ಷದಿಂದ ತೆಗೆದರೂ ಕುರ್ಚಿ ಹೋಗಲಿಲ್ವಾ ಸರ್?

ಉತ್ತರ: ಇಲ್ಲ. ಕುರ್ಚಿ ಲೋಕಸಭೆಯ ಬಹುಮತದ ಮೇಲೆ ನಿಲ್ಲುತ್ತದೆ, ಪಕ್ಷದ ಸದಸ್ಯತ್ವದ ಮೇಲಲ್ಲ. ಕಾಂಗ್ರೆಸ್ ಸಂಸದರಲ್ಲಿ ಜಾಸ್ತಿ ಜನ ಅವರ ಜತೆಗೇ ಉಳಿದರು. ಕಡಿಮೆ ಬಿದ್ದದ್ದನ್ನು ಕಮ್ಯುನಿಸ್ಟರು, ಡಿಎಂಕೆಯವರು ತುಂಬಿದರು. ನಮ್ಮಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ, ದೇವರಾಜ ಅರಸು ಇಂದಿರಾ ಕಡೆ. 1971ರ ಲೋಕಸಭಾ ಚುನಾವಣೆಯಲ್ಲಿ ಹಸು-ಕರು ಗುರುತಿನ ಇಂದಿರಾ ಕಾಂಗ್ರೆಸ್‌ನವರು ಮೈಸೂರು ರಾಜ್ಯದ (ಈಗಿನ ಕರ್ನಾಟಕ) 27ಕ್ಕೆ 27 ಸೀಟೂ ಗೆದ್ದರು.

ಇನ್ನೊಬ್ಬರ ಪ್ರಶ್ನೆ: ಈಗ ಹಾಗೆ ಮಾಡಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸಿಕ್ಕಿಬೀಳುತ್ತಾರೆ ಅಲ್ವಾ?

ಉತ್ತರ: ರಾಷ್ಟ್ರಪತಿ ಚುನಾವಣೆಯಲ್ಲಿ ಇಲ್ಲ. ಮತ ಗುಟ್ಟಿನದು, ಸದನದ ಒಳಗಿನ ಮತದಾನವೂ ಅಲ್ಲ. ಅಲ್ಲಿ ವಿಪ್ ನಡೆಯುವುದಿಲ್ಲ. 1985ರ ಕಾಯ್ದೆ ಹಿಡಿಯುವುದು ಸದನದಲ್ಲಿ ವಿಪ್ ಮೀರಿ ಮತ ಹಾಕಿದಾಗ, ಅಥವಾ ತಾವಾಗಿ ಪಕ್ಷ ಬಿಟ್ಟಾಗ. ವಿಪ್ ಮೀರಿದವರನ್ನು ಪಕ್ಷ 15 ದಿನದೊಳಗೆ ಮನ್ನಿಸಿದರೆ ಅದೂ ಮುಗಿಯಿತು. ಹೊರಗೆ ಮೈಕ್ ಮುಂದೆ ಪಕ್ಷದ ಪ್ರಣಾಳಿಕೆ ಒಪ್ಪುವುದಿಲ್ಲ ಅಂದದ್ದಕ್ಕೇ ಸೀಟು ಹೋಗುವುದಿಲ್ಲ. ಪಕ್ಷ ನೋಟಿಸ್ ಕೊಡಬಹುದು, ಉಚ್ಚಾಟಿಸಬಹುದು.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಹಾಗಾದರೆ ಸಂಜೀವ ರೆಡ್ಡಿ ಕಥೆ ಅಲ್ಲಿಗೇ ಮುಗಿಯಿತಾ?

ಉತ್ತರ: ಎಲ್ಲಿ! 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿ ಆದರು. ಆಗ ಪ್ರಧಾನಿ ಯಾರು ಅಂತೀರಿ? ಮೊರಾರ್ಜಿ ದೇಸಾಯಿ.