ಪಿಯಾನೊ ‘ರೆಕಾರ್ಡ್’ ಮಾಡುವುದಕ್ಕೆಲ್ಲ ಧ್ವನಿಮುದ್ರಣ ಅನ್ನಬಹುದೇ?

ಡಿಜಿಟಲ್ ಪಿಯಾನೊವನ್ನು ಕಂಪ್ಯೂಟರಿಗೆ ಜೋಡಿಸಿ, ನುಡಿಸಿದ್ದನ್ನು ರೆಕಾರ್ಡ್ ಮಾಡುವುದು ಹೇಗೆ ಅಂತ ಹೊಸಬರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪದ ಕಂಡರೆ ನನಗೆ ಮುನಿಸೇನಿಲ್ಲ. ಕೇಬಲ್, ಪೆಡಲ್, ಹೆಡ್‌ಫೋನ್ ಎಲ್ಲ ಹಾಗೇ ಇರಲಿ. ತೊಂದರೆ ಕೊಡುತ್ತಿರುವುದು ಕನ್ನಡ ಪದಗಳೇ. ಬೇರೆ ಕಡೆ ಸಲೀಸಾಗಿ ಓಡುವ ಪದಗಳು ಇಲ್ಲಿ ಓದುಗರ ದಾರಿ ತಪ್ಪಿಸುತ್ತವೆ.

ಮೊದಲಿಗೆ ‘ಧ್ವನಿಮುದ್ರಣ’. ಪದದಲ್ಲಿ ಏನೂ ಕೊರತೆಯಿಲ್ಲ. ಆದರೆ ಪಿಯಾನೊದಿಂದ ಕಂಪ್ಯೂಟರಿಗೆ ಹೋಗಲು ಎರಡು ದಾರಿ ಇದೆ, ಎರಡಕ್ಕೂ ನಾವು ರೆಕಾರ್ಡಿಂಗ್ ಅಂತಲೇ ಅನ್ನುತ್ತೇವೆ. ಒಂದು ದಾರಿಯಲ್ಲಿ ಪಿಯಾನೊದ ಲೈನ್ ಔಟ್ ಇಲ್ಲವೇ ಹೆಡ್‌ಫೋನ್ ಜ್ಯಾಕಿನಿಂದ ಆಡಿಯೊ ಇಂಟರ್‌ಫೇಸಿಗೆ (ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ) ಕೇಬಲ್ ಹೋಗುತ್ತದೆ, ಅಲ್ಲಿಂದ ಕಂಪ್ಯೂಟರಿಗೆ. ಕೇಬಲಿನಲ್ಲಿ ಹರಿಯುವುದು ದನಿಯೇ. ಪಿಯಾನೊ ಹೇಗೆ ಕೇಳಿಸುತ್ತಿತ್ತೋ ಹಾಗೇ ಅಚ್ಚಾಗುತ್ತದೆ. ಇದಕ್ಕೆ ಧ್ವನಿಮುದ್ರಣ ಅಂದರೆ ಯಾರ ತಕರಾರೂ ಇರಲಾರದು.

ಇನ್ನೊಂದು ದಾರಿ ಪಿಯಾನೊದ ಹಿಂಬದಿಯ ‘ಯುಎಸ್‌ಬಿ ಟು ಹೋಸ್ಟ್’ ಪೋರ್ಟಿನದು. ಹೆಚ್ಚಿನ ಪಿಯಾನೊಗಳಲ್ಲಿ ಇದಕ್ಕೆ ಪ್ರಿಂಟರಿಗೆ ಹಾಕುವಂಥ ಚೌಕ ಮೂತಿಯ ಕೇಬಲ್ಲೇ ಸಾಕು. ಇಲ್ಲಿ ಹೋಗುವುದು ದನಿಯಲ್ಲ, ಮಿಡಿ (MIDI) ಸಂದೇಶ, ಅಂದರೆ ನೀವು ಏನು ನುಡಿಸಿದಿರಿ ಅನ್ನುವುದರ ಅಂಕಿಗಳು. (ಕೆಲವು ಪಿಯಾನೊಗಳು ಇದೇ ಕೇಬಲಿನಲ್ಲಿ ದನಿಯನ್ನೂ ಕಳಿಸುತ್ತವೆ. ಸದ್ಯಕ್ಕೆ ಅದನ್ನು ಬಿಡಿ.) ನಡುವಿನ ಸಿ ಕೀ ಒತ್ತಿದಿರಿ ಅನ್ನಿ. ಕಂಪ್ಯೂಟರಿಗೆ ತಲುಪುವುದು ಮೂರೇ ಅಂಕಿ: 144, 60, 72. ಮೊದಲನೆಯದು ‘ಒಂದನೇ ಚಾನೆಲಿನಲ್ಲಿ ಕೀ ಒತ್ತಿದ್ದಾರೆ’ ಅಂತ. ಎರಡನೆಯದು ಯಾವ ಕೀ ಅಂತ. ಮೂರನೆಯದು ಎಷ್ಟು ಬಿರುಸಾಗಿ ಅಂತ. ಬಲಗಾಲಿನ ಪೆಡಲ್ ಪೂರ್ತಿ ತುಳಿದರೆ 176, 64, 127. ಅಷ್ಟೇ. ಕಿವಿಗೆ ಕೇಳಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ಇದನ್ನೂ ಧ್ವನಿಮುದ್ರಣ ಅಂತ ಬರೆದರೆ ಏನಾಗುತ್ತದೆ? ಓದುಗರು ಕೇಬಲ್ ಹಾಕಿ, ಕೆಂಪು ಬಟನ್ ಒತ್ತಿ, ಚೆನ್ನಾಗಿ ನುಡಿಸಿ, ಮತ್ತೆ ಕೇಳಲು ಹೋದರೆ ಕಂಪ್ಯೂಟರ್ ಸುಮ್ಮನಿರುತ್ತದೆ. ‘ರೆಕಾರ್ಡೇ ಆಗಿಲ್ಲ’ ಅಂದುಕೊಂಡು ಕೇಬಲ್ ಬದಲಿಸುತ್ತಾರೆ, ಡ್ರೈವರ್ ಮತ್ತೆ ಹಾಕುತ್ತಾರೆ. ಅಸಲಿಗೆ ಎಲ್ಲವೂ ಸರಿಯಾಗಿ ದಾಖಲಾಗಿದೆ. ಆ ಅಂಕಿಗಳನ್ನು ದನಿಯಾಗಿಸಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ವಾದ್ಯವನ್ನು ಆರಿಸಿಲ್ಲ, ಅಷ್ಟೇ. ಇನ್ನೊಂದು ಕಡೆಯಿಂದಲೂ ಎಡವಟ್ಟು ಇದೆ. ಮಿಡಿಯಲ್ಲಿ ಒಂದು ತಪ್ಪು ಸ್ವರವನ್ನು ಮೌಸಿನಿಂದ ಎಳೆದು ಸರಿಮಾಡಬಹುದು, ಪಿಯಾನೊವನ್ನು ಆರ್ಗನ್ ಮಾಡಬಹುದು, ಶ್ರುತಿ ಕದಲದಂತೆ ಲಯ ನಿಧಾನ ಮಾಡಬಹುದು. ಧ್ವನಿಮುದ್ರಣ ಅಂತ ಓದಿದವರಿಗೆ ಇದೆಲ್ಲ ಮಾಡಬಹುದು ಅಂತ ಹೊಳೆಯುವುದೇ ಇಲ್ಲ.

ಹಾಗಾದರೆ ಏನನ್ನಬೇಕು? ‘ಸ್ವರಲಿಪಿ’ ಅಂತ ಒಬ್ಬ ಗೆಳೆಯರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಸ್ವರಲಿಪಿ ನೋಡಿ ಮನುಷ್ಯ ನುಡಿಸಬೇಕು. ಮಿಡಿಯಲ್ಲಿರುವುದು ಈಗಾಗಲೇ ನುಡಿಸಿ ಆದದ್ದರ ಗುರುತು. ಬೆರಳು ಒಂಚೂರು ತಡವರಿಸಿದ್ದೂ ಅದರಲ್ಲಿ ಬಂದಿರುತ್ತದೆ. ಸದ್ಯಕ್ಕೆ ನಾನು ‘ಮಿಡಿ ದಾಖಲು’ ಅಂತ ಬರೆಯುತ್ತಿದ್ದೇನೆ.

ಇಲ್ಲೊಂದು ತಮಾಷೆ. ಮಿಡಿ ಅನ್ನುವುದು ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿದ್ದು: ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಮಾತಾಡಲಿ ಅಂತ ಬಂದ ಒಪ್ಪಂದ ಅದು. ಆದರೆ ನಮ್ಮಲ್ಲಿ ‘ಮಿಡಿ’ ಅಂದರೆ ಬೆರಳಿನಿಂದ ತಂತಿ ಮೀಟುವುದು, ಎದೆ ತುಡಿಯುವುದು. ‘ತಂತಿ ಮಿಡಿದ’ ಅಂತ ಬರೆದರೆ ಯಾರಿಗೂ ವಿವರಣೆ ಬೇಡ. ಸುಮ್ನೆ ದನಿ ಹೊಂದಿಕೊಂಡದ್ದು ಇದು, ಆ ಪದಕ್ಕೂ ಈ ಪದಕ್ಕೂ ನಂಟಿಲ್ಲ. ಆದರೂ ಬೆರಳಿನ ಕೆಲಸವನ್ನು ದಾಖಲಿಸುವುದಕ್ಕೆ ಇಷ್ಟು ಒಗ್ಗುವ ಹೆಸರು ಪುಕ್ಕಟೆ ಸಿಕ್ಕಿರುವಾಗ ಬೇರೆ ಕಟ್ಟಬೇಕಾ? ‘ಮಿಡಿ’ಯನ್ನು ಕನ್ನಡ ಮಾಡಲು ಹೊರಡಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ಎರಡನೆಯ ಪ್ರಶ್ನೆ ‘ಲೇಟೆನ್ಸಿ’ಯದು. ಕೀ ಒತ್ತಿದ ಮೇಲೆ ಕಂಪ್ಯೂಟರಿನಿಂದ ದನಿ ಬರುವವರೆಗಿನ ಹೊತ್ತು. ಕಂಪ್ಯೂಟರ್ ದನಿಯನ್ನು ಕಂತು ಕಂತಾಗಿ ಕಳಿಸುತ್ತದೆ. ಆ ಕಂತಿನ ಅಳತೆಯೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಒಂದೊಂದು ಅಳತೆ) ಇರುವಾಗ 1024 ಸ್ಯಾಂಪಲಿನ ಬಫರ್ ಇಟ್ಟರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. ಬೆರಳಿಗೆ ಇದು ಗೊತ್ತಾಗುತ್ತದೆ, ಕೀ ಜಡವಾದ ಹಾಗೆ ಅನ್ನಿಸುತ್ತದೆ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗೂ ಕಡಿಮೆ. ಆದರೆ ತೀರಾ ಇಳಿಸಿದರೆ ಕಂಪ್ಯೂಟರಿಗೆ ಪುರುಸೊತ್ತು ಸಾಲದೆ ದನಿ ಚಟಚಟ ಅನ್ನುತ್ತದೆ.

ಇದಕ್ಕೆ ಎಲ್ಲರೂ ಬರೆಯುವುದು ‘ವಿಳಂಬ’. ಬ್ಯಾಂಕಿನ ಅರ್ಜಿಗಾದರೆ ಸರಿ. ಸಂಗೀತದವರ ಎದುರಿಗೆ ‘ವಿಳಂಬ ಕಡಿಮೆ ಮಾಡಿ’ ಅಂದು ನೋಡಿ. ವಿಳಂಬ, ಮಧ್ಯ, ದ್ರುತ ಅಂತ ಕಾಲ ಲೆಕ್ಕ ಹಾಕುವವರು ಅವರು. ಸ್ವಲ್ಪ ಬೇಗ ನುಡಿಸಿ ಅಂತ ಅರ್ಥ ಮಾಡಿಕೊಂಡರೆ ಅವರದೇನೂ ತಪ್ಪಿಲ್ಲ, ಅಲ್ವಾ? ‘ತಡ’ ಅನ್ನುವ ಎರಡಕ್ಷರದ ಪದ ಇರುವಾಗ ಇಲ್ಲಿ ವಿಳಂಬ ಯಾಕೆ ಬೇಕು ಅಂತ ನನಗಂತೂ ತಿಳಿಯದು. ‘ದನಿ ತಡವಾಗಿ ಬರುತ್ತಿದೆ, ಬಫರ್ ಇಳಿಸಿ’ ಅಂದರೆ ಮುಗಿಯಿತು.

ಮಿಡಿ ಸಂದೇಶದಲ್ಲಿ ಕೀ ಎಷ್ಟು ಬಿರುಸಾಗಿ ಒತ್ತಿದ್ದು ಅಂತ ಹೇಳುವ ಮೂರನೆಯ ಅಂಕಿ ಇತ್ತಲ್ಲ, ಅದರ ಹೆಸರಾದ ‘ವೆಲಾಸಿಟಿ’ಗೂ ಇದೇ ಗತಿ. ‘ವೇಗ’ ಅಂದರೆ ಲಯದ ವೇಗ ಅನ್ನಿಸುತ್ತದೆ. ವಿಚಿತ್ರ ಅಂದರೆ ಒಳಗೆ ಅಳೆಯುವುದು ನಿಜಕ್ಕೂ ವೇಗವನ್ನೇ. ಕೀ ಕೆಳಗಿಳಿಯುವಾಗ ಒಂದು ಸೆನ್ಸರಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ತಲುಪಿತು ಅನ್ನುವುದರ ಮೇಲೆ 1ರಿಂದ 127ರವರೆಗೆ ಒಂದು ಅಂಕಿ ಬರುತ್ತದೆ. ಆದರೆ ನುಡಿಸುವವರಿಗೆ ಅದು ಮೆತ್ತಗೆ, ಜೋರಾಗಿ ಅನ್ನುವ ಲೆಕ್ಕ. ‘ಒತ್ತಡ’ ಆಗದು, ಒತ್ತಿ ಹಿಡಿದ ಮೇಲೆ ಕೊಡುವ ಒತ್ತಡಕ್ಕೆ ಮಿಡಿಯಲ್ಲಿ ಬೇರೆಯೇ ಸಂದೇಶವಿದೆ. ‘ಬಿರುಸು’ ನನಗೆ ಹಿಡಿಸಿದೆ. ‘ಈ ಸ್ವರದ ಬಿರುಸು 110 ಇದೆ, 80ಕ್ಕೆ ಇಳಿಸಿ’. ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.

ಉಳಿದವು ಚಿಕ್ಕವು. ‘ಕೀಲಿಮಣೆ’ ಅಂದರೆ ಪಿಯಾನೊದ್ದೋ ಕಂಪ್ಯೂಟರಿನದೋ ಅಂತ ಗೊಂದಲ. ಪಿಯಾನೊದ್ದಕ್ಕೆ ಬರೀ ‘ಕೀಗಳು’ ಅಂತಲೇ ಬರೆದಿದ್ದೇನೆ. ‘ಲೋಕಲ್ ಕಂಟ್ರೋಲ್ ಆಫ್’ ಅನ್ನು ‘ಸ್ಥಳೀಯ ನಿಯಂತ್ರಣ’ ಅಂದರೆ ಪುರಸಭೆ ನೆನಪಾಗುತ್ತದೆ. ಅದರ ಕೆಲಸ ಇಷ್ಟೇ: ಪಿಯಾನೊವೂ ಕಂಪ್ಯೂಟರೂ ಒಟ್ಟಿಗೆ ದನಿ ಮಾಡಿ ಒಂದೇ ಸ್ವರ ಎರಡು ಸಲ ಕೇಳಿಸದ ಹಾಗೆ, ಪಿಯಾನೊದ ಕೀಗಳಿಗೂ ಅದರ ಒಳಗಿನ ದನಿಗೂ ಇರುವ ಸಂಪರ್ಕ ತಪ್ಪಿಸುವುದು. ‘ಪಿಯಾನೊದ ಸ್ವಂತ ದನಿ ಬಂದ್’ ಅಂತ ಬರೆದು, ಮೆನುವಿನಲ್ಲಿರುವ ಇಂಗ್ಲಿಷ್ ಹೆಸರನ್ನೂ ಪಕ್ಕದಲ್ಲಿ ಕೊಟ್ಟಿದ್ದೇನೆ. ಪರದೆಯ ಮೇಲೆ ಏನಿದೆಯೋ ಅದು ಓದುಗರಿಗೆ ಸಿಗಬೇಕು.

ಕೊನೆಯದಾಗಿ ‘ಪಿಯಾನೊ ರೋಲ್’. ಮಿಡಿ ಸ್ವರಗಳನ್ನು ಉದ್ದುದ್ದ ಗೆರೆಗಳಾಗಿ ತೋರಿಸುವ ಕಿಟಕಿಗೆ ಈ ಹೆಸರು. ತಾನಾಗಿ ನುಡಿಯುತ್ತಿದ್ದ ಹಳೆಯ ಪಿಯಾನೊಗಳಿಗೆ ಹಾಕುತ್ತಿದ್ದ ತೂತು ಕೊರೆದ ಕಾಗದದ ಸುರುಳಿಯಿಂದ ಬಂದದ್ದು. ಕ್ಯಾಸೆಟ್ಟಿಗೆ ನಾವು ‘ಧ್ವನಿಸುರುಳಿ’ ಅಂದಿದ್ದೆವು. ಅದೇ ಜಾಡಿನಲ್ಲಿ ಇದಕ್ಕೆ ‘ಸ್ವರಸುರುಳಿ’ ಅನ್ನಬಹುದೇ? ಒಂದೇ ಅಳುಕು. ನಮ್ಮ ಸ್ವರ ಶ್ರುತಿಯ ಜೊತೆ ಜಾಗ ಬದಲಿಸುತ್ತದೆ, ಮಿಡಿಯ 60 ಎಲ್ಲಿಗೂ ಕದಲುವುದಿಲ್ಲ. ಸಂಗೀತ ಪಾಠ ಹೇಳುವವರು ಯಾರಾದರೂ ಇದ್ದರೆ, ಇದು ವಿದ್ಯಾರ್ಥಿಗಳಿಗೆ ತೊಡಕಾದೀತೇ ಅಂತ ದಯವಿಟ್ಟು ತಿಳಿಸಿ.